ಚರಂಡಿ ಕಟ್ಟುವ ಮೊದಲು ಬೀದಿಯವರನ್ನು ಕೇಳಿ

ನಮ್ಮ ಬೀದಿಗೆ ಹೊಸ ಚರಂಡಿ ಬಂದಿದೆ, ರಸ್ತೆಗಿಂತ ಎತ್ತರದಲ್ಲಿ. ಮಳೆನೀರು ಅದಕ್ಕೆ ಇಳಿಯದೆ ಮೂಲೆಮನೆಗೆ ನುಗ್ಗುತ್ತದೆ. ನೀರು ಎತ್ತ ಹರಿಯುತ್ತದೆಂದು ಅಲ್ಲೇ ಹೂ ಮಾರುವ ಅಮ್ಮನಿಗೆ ಚೆನ್ನಾಗಿ ಗೊತ್ತು. ಅವರನ್ನು ಯಾರೂ ಕೇಳಲಿಲ್ಲ.

ಕೇಳಲೊಂದು ಜಾಗ ಇರಲೆಂದೇ ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ ಅವು ಬೇರೂರುವ ಮೊದಲೇ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಜನ ಸೇರಿದರೆ ಏನಾಗುತ್ತದೆಂದು ಈ ನಗರ ಕಂಡಿದೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರ ಕಡಿಯಲು ಹೊರಟಾಗ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಮಂದಿ ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಒಂದೊಂದು ಚರಂಡಿಗೂ ಬೀದಿಗಿಳಿಯಲು ಯಾರಿಂದಾದೀತು? ಅದಕ್ಕೇ ವಾರ್ಡ್ ಸಮಿತಿಯ ತಿಂಗಳ ಸಭೆ ಬೇಕು.

ಸಭೆಯೆಂದರೆ ನಮ್ಮಂಥ ನಿವೃತ್ತರು, ಸ್ವಂತ ಮನೆಯವರು ಮಾತ್ರ ಸೇರುವುದಲ್ಲ. ಬಾಡಿಗೆದಾರರು, ಮನೆಗೆಲಸದವರು, ತಳ್ಳುಗಾಡಿಯವರು ಬರಬಲ್ಲ ಹೊತ್ತಿಗೆ ಅದು ನಡೆಯಬೇಕು. ಫುಟ್‌ಪಾತ್ ಹೆಚ್ಚು ಬಳಸುವವರು ಅವರೇ.

ನಿಮ್ಮ ಬೀದಿಯಲ್ಲಿ ಜೆಸಿಬಿ ಕಂಡರೆ ಸುಮ್ಮನೆ ಒಳಹೋಗಬೇಡಿ. ಕಾಮಗಾರಿಯ ನಕ್ಷೆ, ಅಂದಾಜು ಪಟ್ಟಿ ತೋರಿಸಿ ಎಂದು ಎಂಜಿನಿಯರನ್ನು ಕೇಳಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.