ಕೋಟೆ ಕೊಳ್ಳೆ ಹೋದ ಮೇಲೆ

ಲೋಹಚುಂಬಕದ ಹೆಸರು ಹೇಳಿ ನಮ್ಮ ಜನರಿಗೆ ಏನನ್ನು ಬೇಕಾದರೂ ಮಾರಬಹುದು. ಮೊಣಕಾಲ ನೋವಿಗೆ ಚುಂಬಕದ ಪಟ್ಟಿ, ರಕ್ತದೊತ್ತಡಕ್ಕೆ ಚುಂಬಕದ ಕಡಗ, ನಿದ್ದೆಗೆ ಚುಂಬಕದ ಗಾದಿ. ಪೆಟ್ರೋಲ್ ಪೈಪಿಗೆ ಕಟ್ಟಿದರೆ ಮೈಲೇಜು ಹೆಚ್ಚುತ್ತದೆ ಎಂಬ ಚುಂಬಕವೂ ಉಂಟು. ಅಂಥ ಕೆಲವನ್ನು ಅಮೆರಿಕ ಸರಕಾರದ ಪರಿಸರ ಸಂಸ್ಥೆ ಪರೀಕ್ಷೆಗೆ ಹಚ್ಚಿ, ಉಪಯೋಗ ಕಾಣಲಿಲ್ಲವೆಂದು ಹೇಳಿದೆ. ಈ ಸಾಲಿನಲ್ಲಿ ಇನ್ನೊಂದಿದೆ: ಕಾರಿನ ಎಂಜಿನ್ ಆಯಿಲಿನಲ್ಲಿ ಸೇರುವ ಲೋಹದ ಪುಡಿಯನ್ನು ಹಿಡಿದಿಡುವ ಚುಂಬಕ. ಆಯಿಲ್ ಫಿಲ್ಟರಿಗೆ ಹೊರಗಿನಿಂದ ಅಂಟಿಸುವುದು ಒಂದು ಬಗೆ. ಆಯಿಲ್ ಇಳಿಸುವ ಬೋಲ್ಟಿನ ತುದಿಗೆ ಕೂಡಿಸಿದ್ದು ಇನ್ನೊಂದು ಬಗೆ. "ಇದೊಂದು ಹಾಕಸ್ರಿ, ಎಂಜಿನ್ ಚಿಂತಿ ಬಿಡ್ರಿ" ಎಂಬುದು ಮಾರುವವರ ಮಾತು. ಕಡಗ, ಗಾದಿಗಳ ಕಥೆ ಬಿಡಿ. ಇದರಲ್ಲಿ ಅರ್ಧ ನಿಜವಿದೆ. ನನ್ನ ಜಗಳವಿರುವುದು ಆ ಅರ್ಧ ನಿಜದ ಜೊತೆಗೇ. ಪೂರ್ತಿ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಅರ್ಧ ನಿಜ ಮನೆಯಲ್ಲೇ ಉಳಿದು ಖರ್ಚು ಬೆಳೆಸುತ್ತದೆ.

ಕಾರಿನ ಎಂಜಿನ್ನಿನ ಮಾತು ಹೆಂಗಸರಿಗೇಕೆ ಎನ್ನುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಕಾರು ಎಂದರೆ ಬರೀ ಶೋಕಿಯಲ್ಲ. ಎಷ್ಟೋ ಮನೆಗಳಲ್ಲಿ ಅದು ಬಾಡಿಗೆಗೆ ಓಡಿ ಹೊಟ್ಟೆ ಹೊರೆಯುವ ಗಾಡಿ. ಹೆರಿಗೆ ನೋವು ಬಂದವಳನ್ನು ಗದಗ, ಹುಬ್ಬಳ್ಳಿಯ ದವಾಖಾನೆಗೆ ಮುಟ್ಟಿಸುವುದೂ ಅದೇ. ಅದನ್ನು ಕೊಳ್ಳುವಾಗ ಬ್ಯಾಂಕಿನಲ್ಲಿ ಒತ್ತೆ ಇಟ್ಟದ್ದು ಯಾರ ಬಂಗಾರ? ಎಂಜಿನ್ ಕೆಟ್ಟು ಗಾಡಿ ಅಂಗಳದಲ್ಲಿ ನಿಂತರೆ ಬಿಡಿಸಿಕೊಳ್ಳಲಾಗದೆ ಅಲ್ಲೇ ಉಳಿಯುವುದು ಯಾರ ಬಂಗಾರ? ಬಂಗಾರ ನಮ್ಮದಾದ ಮೇಲೆ ಎಂಜಿನ್ನಿನ ಮಾತೂ ನಮ್ಮದೇ.

ಆಯಿಲಿನ ಕೆಲಸ ತಿಳಿಯದಂಥದೇನೂ ಅಲ್ಲ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಇದ್ದ ಹಾಗೆ, ಎಂಜಿನ್ನಿನಲ್ಲಿ ಲೋಹದ ಮೇಲೆ ಲೋಹ ಉಜ್ಜದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುವುದು ಅದು. ಎಷ್ಟು ಜೋಪಾನ ಮಾಡಿದರೂ ಸವೆತ ಪೂರ್ತಿ ನಿಲ್ಲುವುದಿಲ್ಲ. ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆ ಮೊದಲಾದ ಕಬ್ಬಿಣ, ಉಕ್ಕಿನ ಭಾಗಗಳಿಂದ ಕಣ್ಣಿಗೆ ಕಾಣದ ಪುಡಿ ಉದುರಿ ಆಯಿಲಿನಲ್ಲಿ ತಿರುಗುತ್ತದೆ. ಫಿಲ್ಟರಿನ ಕಾಗದ ದೊಡ್ಡ ಕಣಗಳನ್ನು ತಡೆಯುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸಣ್ಣವು ಬಹಳಷ್ಟು ದಾಟಿಹೋಗುತ್ತವೆ. ಹಾಗೆ ದಾಟಿಹೋದ ಕಬ್ಬಿಣದ ಪುಡಿಯಲ್ಲಿ ಒಂದಿಷ್ಟನ್ನು ಚುಂಬಕ ಹಿಡಿಯುತ್ತದೆ. ಎಷ್ಟೋ ಗೇರುಪೆಟ್ಟಿಗೆಗಳಲ್ಲಿ ಕಂಪನಿಯವರೇ ಚುಂಬಕ ಇಟ್ಟಿರುತ್ತಾರೆ. ಕೆಲವು ವಿಮಾನಗಳ ಎಂಜಿನ್ನುಗಳಲ್ಲಂತೂ ಚುಂಬಕಕ್ಕೆ ಲೋಹದ ಚೂರು ಅಂಟಿದ ಕೂಡಲೆ ಚಾಲಕನ ಮುಂದೆ ಎಚ್ಚರಿಕೆಯ ದೀಪ ಹೊತ್ತುವ ಏರ್ಪಾಟಿರುತ್ತದೆ. ಇದಿಷ್ಟನ್ನೂ ನಾನು ಒಪ್ಪುತ್ತೇನೆ.

ಇನ್ನು ಒಪ್ಪದ್ದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚುಂಬಕದ ಬೊಂಬೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ಬನ್ನಿ. ಕಬ್ಬಿಣದ ರೊಟ್ಟಿ ಹಂಚಿಗೆ ಅದು ಟಕ್ಕನೆ ಹತ್ತಿಕೊಳ್ಳುತ್ತದೆ. ಹಿತ್ತಾಳೆ ತಂಬಿಗೆ, ತಾಮ್ರದ ಕೊಡ, ನಾವು ಜರ್ಮನ್ ಎನ್ನುವ ಅಲ್ಯುಮಿನಿಯಂ ಬೋಗುಣಿ, ಯಾವುದೂ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಕಾರಿನ ಪಿಸ್ಟನ್ ಸಾಮಾನ್ಯವಾಗಿ ಆ ಜರ್ಮನ್ ಜಾತಿಯದೇ. ಬೇರಿಂಗಿನ ಉಜ್ಜುವ ಮೈ ತಾಮ್ರ, ತವರ, ಸೀಸ, ಅಲ್ಯುಮಿನಿಯಂ ಇಂಥವುಗಳ ಬೆರಕೆ. ಅವು ಸವೆದು ಉದುರಿದರೆ ಚುಂಬಕಕ್ಕೆ ಸುದ್ದಿಯೂ ಮುಟ್ಟುವುದಿಲ್ಲ.

ಅಷ್ಟೇ ಅಲ್ಲ. ಗಿರಣಿಯ ಕಲ್ಲಿಗೆ ಉಳಿ ಹೊಡೆಸಿದ ದಿನ ಮೊದಲು ಬೀಳುವ ಹಿಟ್ಟನ್ನು ನಾವು ರೊಟ್ಟಿಗೆ ತರುತ್ತೇವೆಯೆ? ಆ ಹಿಟ್ಟಿನಲ್ಲಿ ಚುಂಬಕ ಆಡಿಸಿದರೆ ಉಳಿಯ ಕಬ್ಬಿಣ ಬಂದೀತು. ಹಲ್ಲಿಗೆ ಸಿಗುವ ಕಲ್ಲಿನ ಪುಡಿ ಹಿಟ್ಟಿನಲ್ಲೇ ಉಳಿಯುತ್ತದೆ. ನಮ್ಮ ಕಡೆ ಎಂಜಿನ್ನಿನ ದೊಡ್ಡ ಶತ್ರು ಆ ಕಲ್ಲಿನ ಪುಡಿಯಂಥದೇ, ಅಂದರೆ ಧೂಳು. ಬೇಸಿಗೆಯಲ್ಲಿ ಎರೆಹೊಲಗಳ ನಡುವಿನ ದಾರಿಯಲ್ಲಿ ಒಂದು ಗಾಡಿ ಹೋದರೆ ಹಿಂದಿನ ಗಾಡಿ ಕಾಣುವುದಿಲ್ಲ. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೇ ಬೆಳೆ ಹರವಿ, ಬಂದುಹೋಗುವ ಗಾಲಿಗಳಿಂದ ತುಳಿಸುವ ರೂಢಿ ಬೇರೆ. ಆ ಹೊಟ್ಟು, ಆ ಮಣ್ಣು ಎಲ್ಲ ಹೋಗಿ ಬಡಿಯುವುದು ಗಾಳಿ ಸೋಸುವ ಏರ್ ಫಿಲ್ಟರಿಗೆ. ಅದು ಹರಿದಿದ್ದರೆ, ಸರಿಯಾಗಿ ಕೂಡದಿದ್ದರೆ, ಒಳಹೊಕ್ಕ ಮರಳಿನ ಕಣ ಸಿಲಿಂಡರನ್ನು ಅರ ಹಾಕಿದಂತೆ ತಿಕ್ಕುತ್ತದೆ. ಚುಂಬಕ ಆ ಮರಳನ್ನು ಮುಟ್ಟುವುದಿಲ್ಲ. ಮರಳು ತಿಕ್ಕಿ ಉದುರಿಸಿದ ಕಬ್ಬಿಣವನ್ನು ಮಾತ್ರ ಹಿಡಿದು ತೋರಿಸುತ್ತದೆ.

ನರಗುಂದದ ಗುಡ್ಡದ ಮೇಲೆ ಕೋಟೆಯಿದೆ, ಗಜೇಂದ್ರಗಡದ ಗುಡ್ಡದ ಮೇಲೂ ಇದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚುಂಬಕಕ್ಕೆ ಸಿಗುವುದು ಸವೆದು ಮುಗಿದದ್ದರ ಪುಡಿ. ಆ ಪುಡಿ ಮತ್ತೆ ತಿರುಗಿ ಇನ್ನಷ್ಟು ಸವೆಸದಂತೆ ಸ್ವಲ್ಪ ತಡೆದೀತು. ಮೊದಲಿನ ಸವೆತವನ್ನು ನಿಲ್ಲಿಸಲಾರದು. ಅದನ್ನು ಸಾಕ್ಷಿ ಎನ್ನಿರಿ, ಕಾವಲುಗಾರ ಎನ್ನಬೇಡಿರಿ.

ಆ ಸಾಕ್ಷಿಯೂ ಎಷ್ಟು ಗಟ್ಟಿ? ಈಗ ಪೇಟೆಯಲ್ಲಿ ಸಿಗುವ ಸಣ್ಣ, ಬಲವಾದ ಚುಂಬಕಗಳಲ್ಲಿ ಹೆಚ್ಚಿನವು ನಿಯೋಡಿಮಿಯಂ ಜಾತಿಯವು; 1980ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಹುಟ್ಟಿದವು. ಅವುಗಳ ಸಾಮಾನ್ಯ ದರ್ಜೆ ತಾಳುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿ. ಓಡುವ ಎಂಜಿನ್ನಿನ ಆಯಿಲ್ 90, 100 ಡಿಗ್ರಿ ಮುಟ್ಟುವುದು ದಿನದ ಮಾತು. ಹೆಚ್ಚಿನ ಬಿಸಿ ತಾಳುವ ದರ್ಜೆಗಳು ಬೇರೆ ಇವೆ, ಅವಕ್ಕೆ ಬೆಲೆಯೂ ಬೇರೆ. ಡಬ್ಬಿಯ ಮೇಲೆ ದರ್ಜೆ ಬರೆಯದೆ ಮಾರುವ ಚುಂಬಕ ಎಂಜಿನ್ನಿನ ಬಿಸಿಯಲ್ಲಿ ಎಷ್ಟು ದಿನ ಬಲ ಉಳಿಸಿಕೊಂಡೀತು ಎಂದು ಮಾರುವವನನ್ನೇ ಕೇಳಿರಿ.

"ಹಾಕಿದರೆ ನಷ್ಟವೇನು?" ಎನ್ನುತ್ತಾರೆ. ನಷ್ಟ ಚುಂಬಕದ್ದಲ್ಲ, ಅದು ಕೊಡುವ ಹುಸಿ ಧೈರ್ಯದ್ದು. ಚುಂಬಕ ಇದೆಯಲ್ಲ, ಆಯಿಲ್ ಇನ್ನೆರಡು ತಿಂಗಳು ನಡೆದೀತು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಆಯಿಲ್ ಕೆಡುವುದು ಕಬ್ಬಿಣದ ಪುಡಿಯೊಂದರಿಂದಲೇ ಅಲ್ಲ. ಬಿಸಿಗೆ ಅದರ ಗುಣ ಇಳಿಯುತ್ತದೆ, ಮಸಿ ಸೇರುತ್ತದೆ, ಸುಡದೆ ಉಳಿದ ಇಂಧನ, ನೀರಿನ ಆವಿ ಸೇರುತ್ತವೆ, ಕಾಪಾಡಲೆಂದು ಬೆರೆಸಿದ ರಾಸಾಯನಿಕಗಳು ತೀರಿಹೋಗುತ್ತವೆ. ಕರಿದು ಕರಿದು ಕಪ್ಪಾದ ಎಣ್ಣೆಯಲ್ಲಿ ಚುಂಬಕ ಅದ್ದಿ ತೆಗೆದು, ಮತ್ತೆ ಮಿರ್ಚಿ ಕರಿಯುವವರು ಯಾರು?

"ನೋಡ್ರಿ, ಎಷ್ಟು ಕರಿ ರಾಡಿ ಹಿಡದದ" ಎಂದು ಬೋಲ್ಟಿನ ತುದಿಯನ್ನು ಮುಖದ ಮುಂದೆ ಹಿಡಿಯುವವರೂ ಇದ್ದಾರೆ. ಹಿಟ್ಟಿನಷ್ಟು ನುಣ್ಣನೆಯ ತೆಳು ಲೇಪ ಎಲ್ಲ ಎಂಜಿನ್ನಿನಲ್ಲೂ ಬರುವಂಥದು. ಅದರಿಂದ ಎಂಜಿನ್ನಿನ ಆಯುಷ್ಯ ಹೆಚ್ಚಿತೆಂದು ಸಿದ್ಧವಾಗುವುದಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಒಳಗೆ ಏನೋ ಮುರಿಯುತ್ತಿದೆ ಎಂದು ತಿಳಿದು, ಗಾಡಿ ಓಡಿಸದೆ ತೋರಿಸಬೇಕು. ಚುಂಬಕದ ನಿಜವಾದ ಉಪಕಾರ ಇಷ್ಟೇ, ಅದೂ ಬೋಲ್ಟು ಬಿಚ್ಚಿ ನೋಡುವವರಿಗೆ.

ನೋಡುವುದೆಂದ ಕೂಡಲೆ ಇನ್ನೊಂದು ಅಡ್ಡಿ ಬರುತ್ತದೆ. ಒಂದು ಗ್ಯಾರೇಜಿನಲ್ಲಿ ಬಿಲ್ಲಿಗೆ ಹೊಸ ಏರ್ ಫಿಲ್ಟರಿನ ದುಡ್ಡು ಹಿಡಿದಿದ್ದರು. ಹಳೆಯದನ್ನು ತೋರಿಸಿರಿ ಎಂದೆ. "ಅಕ್ಕಾರ, ಅದು ನಿಮಗ ತಿಳಿಯೂದಿಲ್ರಿ, ಮಾಲಕರನ್ನ ಕಳಸ್ರಿ" ಎಂಬ ಉತ್ತರ ಬಂತು. ನಾನು ಕದಲಲಿಲ್ಲ. ಕೊನೆಗೆ ಡಬ್ಬಿ ಬಿಚ್ಚಿದಾಗ ಹಳೆಯದು ಧೂಳು ಹೊತ್ತು ಕಾರಿನಲ್ಲೇ ಕುಳಿತಿತ್ತು. ಆ ಧೂಳು ಎಂಜಿನ್ನಿಗೆ ಇಳಿದಿದ್ದರೆ ಎಂಥ ಚುಂಬಕ ನಮ್ಮನ್ನು ಕಾಯುತ್ತಿತ್ತು?

ಆದ್ದರಿಂದ ಚುಂಬಕಕ್ಕೆ ಹಾಕುವ ದುಡ್ಡನ್ನು ಮೊದಲು ಬೇರೆ ಕಡೆ ಹಾಕಿರಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಆಯಿಲಿನ ದರ್ಜೆ, ಎಷ್ಟು ಕಿಲೋಮೀಟರು, ಎಷ್ಟು ತಿಂಗಳು ಎಂದು ಅಚ್ಚಾಗಿರುತ್ತದೆ. ಎರಡರಲ್ಲಿ ಯಾವುದು ಮೊದಲು ಬಂದೀತೋ ಅದಕ್ಕೆ ಬದಲಿಸಿರಿ. ಆಯಿಲಿನ ಜೊತೆಗೇ ಆಯಿಲ್ ಫಿಲ್ಟರೂ ಹೊಸದಾಗಲಿ. ಧೂಳಿನ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕದ ಲೆಕ್ಕಕ್ಕಿಂತ ಮೊದಲೇ ಬಿಚ್ಚಿಸಿ ನೋಡಿರಿ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಇಷ್ಟೆಲ್ಲ ಆದ ಮೇಲೂ ಚುಂಬಕದ ಬೋಲ್ಟು ಬೇಕೆನಿಸಿದರೆ, ನಿಮ್ಮ ಕಾರಿನ ಅಳತೆಗೆ ಸರಿಹೊಂದುವ, ಬಿಸಿ ತಾಳುವ ಒಳ್ಳೆಯದನ್ನೇ ಹಾಕಿಸಿರಿ, ನನ್ನ ತಕರಾರಿಲ್ಲ.

ಹಾಲಿನ ಲೆಕ್ಕ, ಕಿರಾಣಿಯ ಲೆಕ್ಕ ಬರೆಯುವ ವಹಿಯಲ್ಲೇ ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರು ಬರೆದಿಡಿ. ತಾರೀಖು ಬಂದಾಗ ಗ್ಯಾರೇಜಿಗೆ ನೀವೇ ಹೋಗಿ ನಿಲ್ಲಿರಿ. ಮಾಲಕರನ್ನು ಕಳಿಸಿರಿ ಎಂದರೆ, ಬಂಗಾರ ಒತ್ತೆ ಇಟ್ಟ ಮಾಲಕಳು ನಾನೇ ಎಂದು ಹೇಳಿರಿ.