ಕಂಪ್ರೆಸರ್‌ನ ಸದ್ದು ನೀಡುವ ಎಚ್ಚರಿಕೆ

ಜೆಟ್ ಎಂಜಿನ್ನಿನ ಅಕ್ಷೀಯ ಕಂಪ್ರೆಸರ್‌ನಲ್ಲಿ, ಅಂದರೆ ಗಾಳಿಯನ್ನು ಶಾಫ್ಟ್‌ಗೆ ಸಮಾಂತರವಾಗಿ ಸಾಗಿಸುತ್ತಲೇ ಹಂತಹಂತವಾಗಿ ಒತ್ತುವ ಭಾಗದಲ್ಲಿ, ಹರಿವು ಕುಗ್ಗಿದಾಗ ಗಾಳಿಯು ಅಲಗುಗಳನ್ನು ಹೆಚ್ಚು ಓರೆಯಾಗಿ ತಾಗಿ ಅವುಗಳ ಮೈಯಿಂದ ಬೇರ್ಪಡುತ್ತದೆ, ಇದೇ ಸ್ಟಾಲ್. ಒಂದು ಅಲಗಿನ ಬಳಿ ಹುಟ್ಟಿದ ಈ ತಡೆಯು ಗಾಳಿಯನ್ನು ಪಕ್ಕಕ್ಕೆ ತಳ್ಳಿ ನೆರೆಯ ಅಲಗಿನ ಹರಿವನ್ನೂ ಕೆಡಿಸುವುದರಿಂದ, ಅದು ಹಲವು ವೇಳೆ ರೋಟರ್‌ನ ಸುಮಾರು ಅರ್ಧ ವೇಗದಲ್ಲಿ ಸುತ್ತುತ್ತ, ಅಲಗುಗಳನ್ನು ಅದುರಿಸಿ, ತಗ್ಗು ಸ್ಥಾಯಿಯ ಗುಡುಗುಸದ್ದನ್ನು ಹೊರಡಿಸುತ್ತದೆ. ಇಡೀ ಹರಿವೇ ಹಿಂದುಮುಂದಾಗುವ ಸರ್ಜ್ ಇನ್ನೂ ಅಪಾಯಕರ. ಆದ್ದರಿಂದ ಸದ್ದನ್ನು ಕೇವಲ ಕಿರಿಕಿರಿಯೆಂದು ಬಗೆಯುವುದು ತಪ್ಪು. ಸದ್ದೂ ಒತ್ತಡದ ಏರಿಳಿತವೇ; ಕಂಪ್ರೆಸರ್‌ನ ಕವಚದೊಳಗಿನ ಒತ್ತಡಮಾಪಕಗಳು ಹಿಡಿಯುವ ಆ ಏರಿಳಿತವು ಅನೇಕ ವೇಳೆ ಸ್ಟಾಲ್‌ಗೆ ಮುನ್ನವೇ ಎಚ್ಚರಿಸಬಲ್ಲದು. 1989ರಲ್ಲಿ ಮಂಜೂರಾದ ಕಾವೇರಿ ಜೆಟ್ ಎಂಜಿನ್ ಯೋಜನೆಯ ನೆಲೆಯಾದ ಬೆಂಗಳೂರಿನಲ್ಲಿ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ಸಂಸ್ಥೆಯ ಅಕ್ಷೀಯ ಕಂಪ್ರೆಸರ್ ಸಂಶೋಧನಾ ಘಟಕವೂ ಇರುವಾಗ, ಸ್ಟಾಲ್‌ನ ಇಂಥ ಮುನ್ಸೂಚನೆಗಳ ಅಧ್ಯಯನಕ್ಕೆ ಸರ್ಕಾರ ದೀರ್ಘಾವಧಿಯ ನೆರವು ನೀಡಬೇಕು.