ಮುಂದಿನ ಗೋಡೆ, ಹಿಂದಿನ ಗೋಡೆ



ಬಸವ ಜಯಂತಿಯ ಹಿಂದಿನ ದಿನ ದಾವಣಗೆರೆಯ ವಿದ್ಯಾನಗರದ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ತಲುಪಿದೆವು. ಬೀದಿಯ ತಿರುವಿನಲ್ಲೇ ಯಂತ್ರದ ಸದ್ದು ಕೇಳಿಸಿತು. ಹುಡುಗನೊಬ್ಬ ಬಂದೂಕು ಹಿಡಿದಂತೆ ಕೊಳವೆ ಹಿಡಿದು, ಎರಡಂತಸ್ತಿನ ಮನೆಯ ಮುಂಗೋಡೆಗೆ ರಭಸದಿಂದ ನೀರು ಹೊಡೆಯುತ್ತಿದ್ದ. ಬೆಳಗಿನಿಂದ ಮೂರು ತಾಸು ಕೆಲಸ ನಡೆದಿತ್ತಂತೆ. ಕಾಂಪೌಂಡಿನಿಂದ ಹೊರಬಿದ್ದ ನೀರು ರಸ್ತೆ ದಾಟಿ ಚರಂಡಿ ಸೇರುತ್ತಿತ್ತು. ಅದೇ ಬೀದಿಯ ಕೊನೆಯಲ್ಲಿ ಇಬ್ಬರು ತಾಯಂದಿರು ಖಾಲಿ ಕೊಡ ಇಟ್ಟುಕೊಂಡು ನಲ್ಲಿಯ ಮುಂದೆ ಕಾದು ಕುಳಿತಿದ್ದರು.

ಯಜಮಾನರು ಓಡಿ ಬಂದು ಕೈಮುಗಿದರು. "ತಾವು ದಯಮಾಡಿಸ್ತೀರಿ ಅಂತ ಮನೆ ತೊಳಿಸ್ತಾ ಇದ್ದೆ ಬುದ್ಧಿ, ಇನ್ನರ್ಧ ತಾಸಿನಲ್ಲಿ ಮುಗೀತದೆ" ಎಂದರು.

ಆ ಮಾತು ಕೇಳಿ ನಮಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಚರಂಡಿ ಪಾಲಾದ ನೀರಿಗೆ ನಾವೂ ಹೊಣೆಗಾರರಾದೆವಲ್ಲ ಎಂಬ ಸಂಕೋಚವಾಯಿತು. ಆ ಸಂಕೋಚವೇ ಇಂದಿನ ಚಿಂತನೆಗೆ ಕಾರಣ.

ಮೊದಲು ಯಂತ್ರಕ್ಕೆ ನ್ಯಾಯ ಸಲ್ಲಿಸೋಣ. ಮನೆಬಳಕೆಯ ಇಂಥ ಯಂತ್ರ ನಿಮಿಷಕ್ಕೆ ಆರು ಲೀಟರಿನ ಆಸುಪಾಸು ನೀರು ಹೊಡೆಯುತ್ತದೆ. ಬಾಯಿ ತೆರೆದು ಬಿಟ್ಟ ರಬ್ಬರ್ ಪೈಪು ಅದಕ್ಕಿಂತ ಹೆಚ್ಚು ನೀರು ಸುರಿಯುತ್ತದೆ. ಆದ್ದರಿಂದ ಯಂತ್ರವೇ ಪಾಪಿ ಎನ್ನುವುದು ಸರಿಯಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಆರು ಲೀಟರಿನಂತೆ ಮೂರು ತಾಸಿಗೆ 1,080 ಲೀಟರು. 15 ಲೀಟರಿನ ಕೊಡದಲ್ಲಿ ಅಳೆದರೆ 72 ಕೊಡ. ಆ ಇಬ್ಬರು ತಾಯಂದಿರು ಎಷ್ಟು ದಿನ ಕಾದರೆ 72 ಕೊಡ ತುಂಬಿಸಿಯಾರು?

ದಾವಣಗೆರೆಯ ನಲ್ಲಿಗೆ ಬರುವ ನೀರು ಹತ್ತಿರದ್ದಲ್ಲ. ತುಂಗಭದ್ರೆಯಿಂದ ಎತ್ತಿ ತಂದ ನೀರು ಒಂದು ಕಡೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನಾಲೆಯಲ್ಲಿ ಹರಿದು ಬಂದು ಕುಂದವಾಡದ ಕೆರೆ ತುಂಬುವ ನೀರು ಇನ್ನೊಂದು ಕಡೆ. ಅದೇ ನಾಲೆಯನ್ನು ನಂಬಿ ನಮ್ಮ ಹಳ್ಳಿಗಳ ಭತ್ತದ ಗದ್ದೆ, ಅಡಿಕೆ ತೋಟಗಳು ನಿಂತಿವೆ. 2023ರಲ್ಲಿ ಮಳೆ ಕೈಕೊಟ್ಟಾಗ ಭದ್ರಾ ನೀರಿಗಾಗಿ ರೈತರು ಬೀದಿಗಿಳಿದದ್ದನ್ನು ಹಿರಿಯರು ಮರೆತಿಲ್ಲ. ಮರುವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಸಾರಬೇಕಾಯಿತು. ದಂಡದ ಭಯದಿಂದ ನೀರು ಉಳಿಸುವುದು ಕಾನೂನು. ಭಯವಿಲ್ಲದಾಗಲೂ ಉಳಿಸುವುದು ಧರ್ಮ.

ವೀರಶೈವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಅಂಗೈಯ ಗುಳಿಯಲ್ಲಿ ನಿಲ್ಲುವಷ್ಟು ನೀರನ್ನು ನೆಲಕ್ಕೆ ಒಂದು ಹನಿ ಬೀಳದಂತೆ, ಕಣ್ಣಿಗೊತ್ತಿಕೊಂಡು ಸೇವಿಸುವವರು ನಾವು. ಪೂಜೆಯ ಹೊತ್ತಿನಲ್ಲಿ ನೀರು ಪ್ರಸಾದವಾಗಿ, ಪೂಜೆ ಮುಗಿದೊಡನೆ ಅದೇ ನೀರು ಕಸವಾಗುವುದಾದರೆ, ನಮ್ಮ ಪೂಜೆಯಲ್ಲೇ ಎಲ್ಲೋ ಕೊರತೆಯಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಹಿಗ್ಗಲಿಲ್ಲ. ನಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ತಂದಲ್ಲಿಯೇ ಚೆಲ್ಲಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಿದ್ದ ಅಕ್ಕಿಯನ್ನೂ ಬೇಕಾದ್ದಕ್ಕಿಂತ ಹೆಚ್ಚು ಮುಟ್ಟಬಾರದೆಂದ ಆ ತಾಯಿ, ಇಂದು ವಿದ್ಯಾನಗರದ ಆ ರಸ್ತೆಯಲ್ಲಿ ನಡೆದು ಬಂದಿದ್ದರೆ ಏನೆನ್ನುತ್ತಿದ್ದಳು? "ನಮ್ಮ ಮನೆ ಬೋರಿನ ನೀರು, ನಮ್ಮ ದುಡ್ಡು" ಎನ್ನುವವರಿದ್ದಾರೆ. ಬೋರು ನಿಮ್ಮದು, ಒಪ್ಪಿದೆವು. ನೆಲದೊಳಗಿನ ನೀರಿಗೆ ಕಾಂಪೌಂಡು ಇಲ್ಲ.

ಹಾಗಾದರೆ ಮನೆ ಕೊಳಕಾಗಿರಲಿ ಎನ್ನುತ್ತೀರಾ ಎಂದು ಹಿರಿಯರು ಕೇಳಬಹುದು. ಖಂಡಿತ ಅಲ್ಲ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡು ಶಿವನನ್ನು ಒಲಿಸಿಕೊಂಡ ಸತ್ಯಕ್ಕನ ಪರಂಪರೆ ನಮ್ಮದು. ಬಟ್ಟೆ ತೊಳೆಯುವ ಕಾಯಕದಲ್ಲಿ ನಿಂತ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಬಸವಣ್ಣನವರಿಗೂ ಪೂಜ್ಯರು. ಶುಚಿ ಬೇಕು. ಆದರೆ ಯಾವುದರ ಶುಚಿ, ಯಾರಿಗಾಗಿ ಎಂಬ ಪ್ರಶ್ನೆಯೂ ಬೇಕು.

ಅಂದು ಪೂಜೆ ಮುಗಿದ ಮೇಲೆ ಕೈತೊಳೆಯಲೆಂದು ಹಿತ್ತಲಿಗೆ ಹೋದೆವು. ಮುಂಗೋಡೆ ಹೊಳೆಯುತ್ತಿದ್ದ ಆ ಮನೆಯ ಹಿಂಗೋಡೆ, ನಡುಬೇಸಿಗೆಯಲ್ಲೂ ಪಾಚಿಗಟ್ಟಿ ಹಸಿರಾಗಿತ್ತು. ಮಾಳಿಗೆಯಿಂದ ಇಳಿದ ಪೈಪು ಒಡೆದು ಹನಿ ಹನಿಯಾಗಿ ಗೋಡೆಗೆ ಜಿನುಗುತ್ತಿತ್ತು. ಆ ಗೋಡೆಯ ಒಳಬದಿಯಲ್ಲಿ ಮನೆಯ ಹಿರಿಯ ತಾಯಿಯ ಕೋಣೆ. ಒಳಗೆಲ್ಲ ಮುಗ್ಗಲು ವಾಸನೆ. ಆಕೆ ಕೆಮ್ಮುತ್ತಲೇ ಎದ್ದು ಶರಣು ಮಾಡಿದರು. "ಹೋದ ವರ್ಷದಿಂದ ಹಿಂಗೇ ಐತಿ ಬುದ್ಧಿ, ಹಿಂದ್ಗಡೆ ಯಾರು ನೋಡ್ತಾರೆ" ಎಂದರು.

ಯಜಮಾನರು ತಲೆ ತಗ್ಗಿಸಿದರು. ಕೆಟ್ಟ ಮಗನಲ್ಲ ಆತ. ಬೀದಿಯವರ ಕಣ್ಣಿಗೆ, ಗುರುವಿನ ಕಣ್ಣಿಗೆ ಕಾಣುವ ಗೋಡೆಯನ್ನು ಮೊದಲು ತೊಳೆಸಿದ. ನಾವೆಲ್ಲರೂ ಮಾಡುವುದು ಅದನ್ನೇ. ಮೇಲೆ ತಳಕು, ಒಳಗೆ ಹುಳುಕು ಎಂದು ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ. ಬಸವಣ್ಣನವರು ಒಂದು ವಚನದಲ್ಲಿ ಏಳು ಬೇಡಗಳನ್ನು ಹೇಳಿ, ಒಳಗಿನ ಶುಚಿಯೂ ಅದೇ, ಹೊರಗಿನ ಶುಚಿಯೂ ಅದೇ ಎಂದರು. ಆ ಏಳರಲ್ಲಿ ನೀರಿನ ಮಾತೇ ಇಲ್ಲ. ತನ್ನನ್ನು ತಾನು ಹೊಗಳಿಕೊಳ್ಳಬಾರದೆಂಬುದು ಮಾತ್ರ ಇದೆ. ಪರರಿಗೆ ತೋರಿಸಲೆಂದೇ ತೊಳೆದ ಗೋಡೆ, ಬಾಯಿಲ್ಲದೆ ಮಾಡಿಕೊಂಡ ಆತ್ಮಸ್ತುತಿಯಲ್ಲವೇ?

ಇನ್ನು ವ್ಯವಹಾರದ ಮಾತು. ಪಾಚಿಗೆ ಕಾರಣ ತೇವ. ಸೋರುವ ಪೈಪು, ಬಿರುಕು ಬಿಟ್ಟ ಮಾಳಿಗೆ ಸರಿಮಾಡದೆ ಎಷ್ಟು ತೊಳೆದರೂ ಪಾಚಿ ಮರಳಿ ಬರುತ್ತದೆ. ಧೂಳಿಗೆ ಉದ್ದ ಕೋಲಿನ ಪೊರಕೆ ಸಾಕು. ಒಣಗಿದ ಪಾಚಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಉಳಿದದ್ದಕ್ಕೆ ಒಂದೆರಡು ಬಕೆಟ್ಟು ನೀರು ಬಳಸಿದರಾಯಿತು. ಬ್ಲೀಚಿಂಗ್ ಪುಡಿ ಬಳಸುವವರು ಅದಕ್ಕೆ ಆಸಿಡ್ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ನಮ್ಮ ಹಿರಿಯರು ಹಬ್ಬಕ್ಕೆ ಮೊದಲು ಸುಣ್ಣ ಬಳಿಯುತ್ತಿದ್ದುದು ಬರೀ ಚೆಂದಕ್ಕಲ್ಲ. ಹೊಸ ಸುಣ್ಣದ ಖಾರಕ್ಕೆ ಪಾಚಿ, ಬೂಷ್ಟು ಸುಲಭವಾಗಿ ಹತ್ತುವುದಿಲ್ಲ.

ಈ ಯಂತ್ರದ ನೀರಿನ ಒತ್ತಡ ಲಾರಿಯ ಗಾಲಿಯೊಳಗಿನ ಗಾಳಿಯ ಒತ್ತಡಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹತ್ತಿರದಿಂದ ಹೊಡೆದರೆ ಬಣ್ಣ ಕಿತ್ತು ಬರುತ್ತದೆ, ಬಿರುಕಿನೊಳಗೆ ನೀರು ನುಗ್ಗುತ್ತದೆ, ಮೈಗೆ ತಾಗಿದರೆ ಚರ್ಮ ಸೀಳುತ್ತದೆ. ಮಣ್ಣಿನ ಗೋಡೆ, ಹಳೆಯ ಗಾರೆಯ ಗೋಡೆಗಳಿಗೆ ಇದು ಸಲ್ಲದು. ಊರ ಗುಡಿಯ ಉಸ್ತುವಾರಿ ಹೊತ್ತ ಹಿರಿಯರಲ್ಲಿ ವಿಶೇಷ ವಿನಂತಿ: ಹಳೆಯ ಶಿಲ್ಪಗಳಿಗೆ ಈ ಯಂತ್ರ ಹಿಡಿಸಬೇಡಿ. ಹರಿಹರದ ಹರಿಹರೇಶ್ವರ ದೇವಾಲಯ ಹೊಯ್ಸಳರ ಕಾಲದಿಂದ, ಎಂಟು ನೂರು ವರ್ಷ ಮಳೆ ಬಿಸಿಲು ತಡೆದು ನಿಂತಿದೆ. ಶಿಲ್ಪಿಯ ಉಳಿ ಬಿಡಿಸಿದ ನವಿರು ಗೆರೆ ಒಮ್ಮೆ ಸವೆದರೆ ಮತ್ತೆ ಮೂಡುವುದಿಲ್ಲ. ಯಂತ್ರ ಹಿಡಿಯುವ ಹುಡುಗನನ್ನೂ ಮರೆಯಬೇಡಿ. ಬರಿಗಾಲಲ್ಲಿ ನೀರಿನ ನಡುವೆ ಕರೆಂಟಿನ ಯಂತ್ರ ಹಿಡಿದು ನಿಲ್ಲುವವನು ಆತ. ಅವನ ಕಾಲಿಗೆ ರಬ್ಬರ್ ಬೂಟು, ಯಂತ್ರಕ್ಕೆ ಸರಿಯಾದ ಅರ್ಥಿಂಗು, ದುಡಿಮೆಗೆ ತಕ್ಕ ಕೂಲಿ, ಇವನ್ನು ನೋಡಿಕೊಳ್ಳುವುದೂ ದಾಸೋಹವೇ.

ಕೊನೆಗೆ ನಮ್ಮ ಸಮೂಹಕ್ಕೇ ಹೇಳಬೇಕಾದ ಮಾತು. ಮಠಾಧೀಶರು ಬರುತ್ತಾರೆಂದು ಭಕ್ತರು ಮನೆ ತೊಳೆಸುತ್ತಾರೆ, ರಸ್ತೆಗೆ ಟ್ಯಾಂಕರಿನಿಂದ ನೀರು ಹಾಕಿಸುತ್ತಾರೆ. ಬೇಡವೆಂದು ಮೊದಲೇ ಹೇಳಬೇಕಾದವರು ನಾವು. ಹೇಳದೆ ಸುಮ್ಮನಿದ್ದುದು ನಮ್ಮ ತಪ್ಪು. ಇನ್ನು ಮುಂದೆ ನಮ್ಮನ್ನು ಕರೆಯುವವರು ಅಂಗಳ ಗುಡಿಸಿ, ಪಾದಕ್ಕೆ ಒಂದು ತಂಬಿಗೆ ನೀರು ಇಟ್ಟರೆ ಸಾಕು. ಹೆಚ್ಚಿನ ನೀರಿದ್ದರೆ ಬೀದಿಯ ಕೊನೆಯ ಆ ಕೊಡಗಳಿಗೆ ತುಂಬಿಸಿರಿ, ಆ ಪೂಜೆ ನಮಗೂ ಮುಟ್ಟುತ್ತದೆ.

ವಿದ್ಯಾನಗರದ ಆ ಯಜಮಾನರು ವಾರದೊಳಗೆ ಪೈಪು ಸರಿಮಾಡಿಸಿ, ತಾಯಿಯನ್ನು ಗಾಳಿ ಬೆಳಕಿರುವ ಮುಂದಿನ ಕೋಣೆಗೆ ಕರೆತಂದಿದ್ದಾರೆಂದು ತಿಳಿದುಬಂತು. ಪಾದಪೂಜೆಯ ದಿನ ಆಗದ ಸಂತೋಷ ನಮಗೆ ಅಂದು ಆಯಿತು.